ಹೊಸಬರು ಏಕೆ ನಿಲ್ಲುವುದಿಲ್ಲ?

ಕಚೇರಿಯಲ್ಲಿ ಶುಕ್ರವಾರದ ಪಾರ್ಟಿ ಇಟ್ಟರೂ ಹೊಸಬರು ಆರು ತಿಂಗಳಲ್ಲೇ ಬಿಟ್ಟುಹೋಗುತ್ತಾರೆ ಎಂದಿದ್ದೀರಿ. ಪಾರ್ಟಿ ಬೇಡವೆನ್ನುವುದಿಲ್ಲ, ಆದರೆ ಇದು ನನ್ನ ಜಾಗ ಎಂಬ ಭಾವನೆ ಹುಟ್ಟುವುದು ಕೆಲಸದಲ್ಲಿ ತಮ್ಮ ಸಾಮರ್ಥ್ಯಕ್ಕೆ ಬೆಲೆ ಸಿಕ್ಕಾಗ. ಬೆಂಗಳೂರು ಮೂಲದ ವಿಪ್ರೋದ ಬಿಪಿಒ ವಿಭಾಗದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು. ಮೊದಲ ದಿನ ಕಂಪನಿಯ ಹಿರಿಮೆ ಕೇಳಿ, ಕಂಪನಿ ಹೆಸರಿನ ಸ್ವೆಟ್‌ಶರ್ಟ್ ಪಡೆದವರಿಗಿಂತ, ತಮ್ಮ ಸಾಮರ್ಥ್ಯದ ಬಗ್ಗೆ ಮಾತಾಡಿ ತಮ್ಮದೇ ಹೆಸರಿನ ಸ್ವೆಟ್‌ಶರ್ಟ್ ಪಡೆದವರು ಹೆಚ್ಚು ಮಂದಿ ಉಳಿದರು. ಗ್ರಾಹಕರಿಗೂ ಅವರ ಕೆಲಸ ಹಿಡಿಸಿತು.

ಒಬ್ಬೊಬ್ಬರಿಗೂ ಮಣೆ ಹಾಕಿದರೆ ಶಿಸ್ತು ಕೆಡದೇ ಎನ್ನಬಹುದು. ಆದರೆ ವಿಪ್ರೋದಲ್ಲಿ ಬದಲಾದದ್ದು ಸುಮಾರು ಒಂದು ತಾಸಿನ ಮಾತುಕತೆ ಮತ್ತು ಸ್ವೆಟ್‌ಶರ್ಟ್ ಮೇಲಿನ ಹೆಸರು ಅಷ್ಟೇ. ಸಂಬಳವೇ ಕಡಿಮೆಯಿದ್ದರೆ ಇದು ಮದ್ದಲ್ಲ, ಆ ಮಾತು ಬೇರೆ. ಮುಂದೆ ಸೇರುವವರನ್ನು ಕೇಳಿ: ಯಾವ ಕೆಲಸ ನಿಮಗೆ ಚೆನ್ನಾಗಿ ಒಗ್ಗುತ್ತದೆ? ಅದಕ್ಕೆ ತಕ್ಕ ಒಂದು ಜವಾಬ್ದಾರಿಯನ್ನು ಅದೇ ವಾರ ವಹಿಸಿ.