ಲಿನಕ್ಸ್ ಗಣಕದಲ್ಲಿ ಯಂತ್ರಾಂಗಗಳ ಹೊಂದಾಣಿಕೆ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಎಂಬ ತನ್ನ ಕಾರ್ಯವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ನೆಯ ಅಕ್ಟೋಬರ್ 14ರಂದು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ 11, 2017ಕ್ಕೆ ಹಿಂದಿನ ಬಹುಪಾಲು ಗಣಕಗಳನ್ನು ಅಂಗೀಕರಿಸುವುದಿಲ್ಲ. ನಡೆಯುತ್ತಿರುವ ಯಂತ್ರವನ್ನು ಕಸಕ್ಕೆ ಹಾಕಲು ಮನಸ್ಸಾಗದವರೂ ಹೊಸದನ್ನು ಕೊಳ್ಳಲು ಹಣವಿಲ್ಲದವರೂ ಉಬುಂಟು, ಮಿಂಟ್, ಡೆಬಿಯನ್ ಮೊದಲಾದ ಲಿನಕ್ಸ್ ವ್ಯವಸ್ಥೆಗಳ ಕಡೆಗೆ ನೋಡುವುದು ಸಹಜವೇ. ಇವುಗಳಿಗೆ ಬೆಲೆ ಕೊಡಬೇಕಾಗಿಲ್ಲ. ಇವುಗಳ ಮೂಲಲಿಪಿಯನ್ನು ಬಲ್ಲವರು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ಹಾಕಿದ ಮೊದಲ ದಿನವೇ ವೈಫೈ ಹತ್ತದಿರುವುದು, ಪ್ರಿಂಟರು ಮಾತಾಡದಿರುವುದು, ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಚ್ಚಿ ತೆರೆದರೆ ಪರದೆ ಕಪ್ಪಾಗಿಯೇ ಉಳಿಯುವುದು ಉಂಟು. ಆಗ, “ಬಿಟ್ಟಿ ಸಿಕ್ಕಿದ್ದರ ಹಣೆಬರಹ ಇಷ್ಟೇ” ಎಂದು ಗೊಣಗಿ ಹಿಂದಿರುಗುವವರೂ ಉಂಟು. ಈ ದೋಷದ ಮೂಲವೆಲ್ಲಿ, ಪರಿಹಾರವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಾರ್ಯವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಅದಕ್ಕೆ ಪ್ರತಿಯೊಂದು ಯಂತ್ರಾಂಗದ ಭಾಷೆಯೂ ತಾನಾಗಿಯೇ ಬಾರದು. ಇಬ್ಬರ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್ ಎಂಬ ಚಿಕ್ಕ ತಂತ್ರಾಂಶ. ಪಿಸಿಐ, ಯುಎಸ್‌ಬಿ ಮಾರ್ಗಗಳಲ್ಲಿ ಜೋಡಿಸಿದ ಪ್ರತಿ ಅಂಗವೂ ಎರಡು ಸಂಖ್ಯೆಗಳನ್ನು ಹೊತ್ತಿರುತ್ತದೆ: ಒಂದು ತಯಾರಕನದು, ಇನ್ನೊಂದು ಆ ಅಂಗದ್ದು. ಪಿಸಿಐ ಮಾರ್ಗದಲ್ಲಿ ಇಂಟೆಲ್ ಸಂಸ್ಥೆಯ ಸಂಖ್ಯೆ 8086. 1978ರಲ್ಲಿ ಅದು ಹೊರತಂದ ಪ್ರಸಿದ್ಧ ಪ್ರಾಸೆಸರಿನ ಹೆಸರೂ ಅದೇ. ಕರ್ನೆಲ್ ಈ ಸಂಖ್ಯೆಗಳನ್ನು ಓದಿ, ತನ್ನ ಪಟ್ಟಿಯಲ್ಲಿ ಹುಡುಕಿ, ತಕ್ಕ ದುಭಾಷಿಯನ್ನು ಕರೆಯುತ್ತದೆ. ದುಭಾಷಿ ಸಿಕ್ಕದಿದ್ದರೆ ಅಂಗವು ಸರಿಯಾಗಿದ್ದರೂ ಮೂಕವೇ. ಇದಲ್ಲದೆ ಅನೇಕ ಅಂಗಗಳು ಎಚ್ಚರಗೊಳ್ಳಬೇಕಾದರೆ ಅವುಗಳೊಳಗೆ ಫರ್ಮ್‌ವೇರ್ ಎಂಬ ಮತ್ತೊಂದು ತಂತ್ರಾಂಶವನ್ನು ತುಂಬಬೇಕು. ಇದನ್ನು ಸಾಮಾನ್ಯವಾಗಿ ತಯಾರಕನು ಮುಚ್ಚಿಟ್ಟಿರುತ್ತಾನೆ. ಆದುದರಿಂದಲೇ ಡೆಬಿಯನ್ ಬಳಗವು ಅದನ್ನು ತನ್ನ ಅಧಿಕೃತ ಸ್ಥಾಪನಾ ಮುದ್ರಿಕೆಯಿಂದ ಬಹುಕಾಲ ಹೊರಗಿಟ್ಟಿತ್ತು; 2022ರಲ್ಲಿ ಸದಸ್ಯರ ಮತದಾನ ನಡೆದು, 2023ರ ಡೆಬಿಯನ್ 12ರಿಂದ ಒಳಗೆ ಸೇರಿಸಿತು.

ಹಾಗಾದರೆ ಈ ದುಭಾಷಿಗಳನ್ನು ಬರೆಯುವವರು ಯಾರು? ವಿಂಡೋಸಿಗೆ ತಯಾರಕರೇ ಬರೆದುಕೊಡುತ್ತಾರೆ. ಬರೆಯದಿದ್ದರೆ ಸರಕು ಮಾರಾಟವಾಗದು. ಲಿನಕ್ಸಿಗೆ ಈ ಬಲವಿರಲಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆದುದು ತನ್ನ 386 ಯಂತ್ರಕ್ಕಾಗಿ. ತನ್ನಲ್ಲಿರುವ ಬಗೆಯ ಹಾರ್ಡ್‌ಡಿಸ್ಕನ್ನುಳಿದು ಬೇರೆಯದಕ್ಕೆ ಅದು ಬಹುಶಃ ಎಂದಿಗೂ ಒಗ್ಗಲಾರದೆಂದು ಆತನೇ ತಿಳಿಸಿದ್ದನು. ಇಂದಾದರೋ ಕರ್ನೆಲಿನ ಮೂಲಲಿಪಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ಡ್ರೈವರುಗಳೇ! ಇವು ಮೂರು ದಾರಿಗಳಿಂದ ಬಂದುವು: ತಯಾರಕನು ತಾನೇ ಬರೆದುಕೊಟ್ಟದ್ದು, ವಿವರಗಳನ್ನು ಕೊಟ್ಟು ಇತರರಿಂದ ಬರೆಯಿಸಿದ್ದು, ಯಾವುದನ್ನೂ ಕೊಡದಿದ್ದಾಗ ಸ್ವಯಂಸೇವಕರು ಊಹಿಸಿ, ಪರೀಕ್ಷಿಸಿ ಬರೆದದ್ದು.

ಮೂರನೆಯ ದಾರಿಯ ಕಷ್ಟಕ್ಕೆ ಬ್ರಾಡ್‌ಕಾಮ್ ಸಂಸ್ಥೆಯ ವೈಫೈ ಚಿಪ್ಪುಗಳೇ ನಿದರ್ಶನ. ಒಂದು ತಂಡ ಇದ್ದ ಡ್ರೈವರನ್ನು ಬಿಡಿಸಿ ನೋಡಿ ಅದರ ನಡೆಯನ್ನು ವಿವರಿಸಿ ಬರೆಯಿತು. ಮತ್ತೊಂದು ತಂಡ ಆ ವಿವರಣೆಯನ್ನು ಮಾತ್ರ ಓದಿ ಹೊಸ ಡ್ರೈವರನ್ನು ರಚಿಸಿತು. ನಕಲಿನ ಆರೋಪ ಬಾರದಿರಲೆಂದು ಈ ಏರ್ಪಾಡು. 2006ರಲ್ಲಿ ಅದು ಕರ್ನೆಲನ್ನು ಸೇರಿತು. ಆದರೂ ಫರ್ಮ್‌ವೇರನ್ನು ಹಂಚಲು ಅನುಮತಿಯಿರಲಿಲ್ಲವಾಗಿ, ಬಳಸುವವನು ಅದನ್ನು ಬೇರೆ ವ್ಯವಸ್ಥೆಯ ಡ್ರೈವರಿನಿಂದ ಕತ್ತರಿಸಿ ತೆಗೆಯಬೇಕಾಗಿತ್ತು. 2010ರಲ್ಲಿ ಆ ಸಂಸ್ಥೆಯೇ ತನ್ನ ಕೆಲವು ಚಿಪ್ಪುಗಳಿಗೆ ಮುಕ್ತ ಡ್ರೈವರನ್ನು ಹೊರತಂದಿತು.

ಚಿತ್ರಣದ ಕಾರ್ಡುಗಳಲ್ಲಿ ಈ ಭೇದ ಇನ್ನೂ ಸ್ಪಷ್ಟವಾಗಿದೆ. ಎಎಮ್‌ಡಿ ಸಂಸ್ಥೆಯು 2007ರಲ್ಲಿ ತನ್ನ ಕಾರ್ಡುಗಳ ವಿವರಗಳನ್ನು ಪ್ರಕಟಿಸಲು ಮುಂದಾಯಿತು. ಎನ್‌ವಿಡಿಯಾ ತನ್ನ ಡ್ರೈವರನ್ನು ಮುಚ್ಚಿಟ್ಟುಕೊಂಡಿತು. ಸ್ವಯಂಸೇವಕರು ಊಹೆಯಿಂದ ರಚಿಸಿದ ನೂವೋ ಎಂಬ ಡ್ರೈವರ್ 2010ರಲ್ಲಿ ಕರ್ನೆಲನ್ನು ಸೇರಿತು. ಆದರೆ 2014ರ ಹೊಸ ಕಾರ್ಡುಗಳಿಂದ ಮೊದಲ್ಗೊಂಡು, ಸಂಸ್ಥೆಯ ಸಹಿಯಿರುವ ಫರ್ಮ್‌ವೇರಿಲ್ಲದೆ ಕಾರ್ಡಿನ ವೇಗವನ್ನು ಏರಿಸುವಂತಿರಲಿಲ್ಲ. ದುಭಾಷಿಯಿದ್ದರೂ ಅವನ ಕೈ ಕಟ್ಟಿದಂತಾಯಿತು. 2022ರಲ್ಲಿ ಎನ್‌ವಿಡಿಯಾ ಸಂಸ್ಥೆಯೂ ತನ್ನ ಡ್ರೈವರಿನ ಕರ್ನೆಲ್ ಭಾಗವನ್ನು ಬಹಿರಂಗಪಡಿಸಿತು. ಅದು 2018 ಮತ್ತು ಅನಂತರದ ಪೀಳಿಗೆಯ ಕಾರ್ಡುಗಳಿಗೆ ಮಾತ್ರ. ಹಳೆಯ ಯಂತ್ರವಿರುವವನಿಗೆ ಅದರಿಂದ ಲಾಭವಿಲ್ಲ.

ಲಿನಕ್ಸ್ ಪಕ್ಷದ ಪಾಲೂ ಇದರಲ್ಲಿ ಇಲ್ಲದಿಲ್ಲ. ಕರ್ನೆಲಿನ ಒಳಗಿನ ಏರ್ಪಾಡುಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಒಳಗಿರುವ ಡ್ರೈವರುಗಳನ್ನು ಬದಲಾವಣೆ ಮಾಡಿದವರೇ ತಿದ್ದುತ್ತಾರೆ. ಹೊರಗಿರುವುದನ್ನು ಅದರ ಒಡೆಯನೇ ತಿದ್ದಬೇಕು. ಅವನು ಕೈಬಿಟ್ಟರೆ ನಿನ್ನೆ ನಡೆದದ್ದು ಇಂದು ನಿಲ್ಲುತ್ತದೆ. ಒಳಗಿರುವುದಕ್ಕೂ ನೋಡಿಕೊಳ್ಳುವವರು ಬೇಕು. ಲಿನಕ್ಸ್ ಹುಟ್ಟಿದ ಆ 386 ಪ್ರಾಸೆಸರಿಗೇ 2013ರ ಕರ್ನೆಲಿನಿಂದ ಬೆಂಬಲ ತಪ್ಪಿತು.

ಪ್ರಿಂಟರಿನ ಕಥೆ ಇವೆಲ್ಲಕ್ಕಿಂತ ಹಿಂದಿನದು. 1980ರ ಸುಮಾರಿನಲ್ಲಿ ಅಮೆರಿಕದ ಎಂಐಟಿ ಪ್ರಯೋಗಶಾಲೆಗೆ ಜೆರಾಕ್ಸ್ ಸಂಸ್ಥೆಯ ಲೇಸರ್ ಪ್ರಿಂಟರೊಂದು ಬಂದಿತು. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಬೇಕೆಂದು ರಿಚರ್ಡ್ ಸ್ಟಾಲ್ಮನ್ ಬಯಸಿದರು. ಮೂಲಲಿಪಿ ದೊರೆಯಲಿಲ್ಲ. ಅವರು 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದುದಕ್ಕೆ ಈ ಅನುಭವವೂ ಒಂದು ಪ್ರೇರಣೆ. ಎಂದರೆ, ಮುಕ್ತ ತಂತ್ರಾಂಶದ ಚಳವಳಿಯೇ ಒಂದರ್ಥದಲ್ಲಿ ಯಂತ್ರಾಂಗದ ತೊಡಕಿನಿಂದ ಹುಟ್ಟಿದ್ದು. ಈಗಲಾದರೋ ಹೊಸ ಪ್ರಿಂಟರುಗಳಲ್ಲಿ ಬಹುಪಾಲು ಐಪಿಪಿ ಎಂಬ ಸಾಮಾನ್ಯ ಭಾಷೆಯನ್ನು ತಾವೇ ಬಲ್ಲವು. ಭಾಷೆ ಒಂದಾದಲ್ಲಿ ಪ್ರತ್ಯೇಕ ದುಭಾಷಿಯ ಅಗತ್ಯವೇ ಇಲ್ಲ.

ಇನ್ನು ಅನುಷ್ಠಾನದ ಮಾತು. ಲಿನಕ್ಸನ್ನು ಪೆನ್‌ಡ್ರೈವಿಗೆ ಇಳಿಸಿ, ಗಣಕದ ಡಿಸ್ಕನ್ನು ಮುಟ್ಟದೆ ಅಲ್ಲಿಂದಲೇ ನಡೆಸಿ ನೋಡಬಹುದು. ವೈಫೈ, ಧ್ವನಿ, ಕ್ಯಾಮೆರಾ, ಮುಚ್ಚಳದ ನಿದ್ರೆ, ಪ್ರಿಂಟರು ಇವೈದನ್ನೂ ಆಗಲೇ ಪರೀಕ್ಷಿಸತಕ್ಕದ್ದು. ಯಾವುದಾದರೂ ಮೂಕವಾಗಿದ್ದರೆ ಟರ್ಮಿನಲಿನಲ್ಲಿ ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಯನ್ನು ‘-ಎನ್‌ಎನ್‌ಕೆ’ ಎಂಬ ಸೂಚನೆಯೊಡನೆ ಕೊಟ್ಟರೆ, ಮೇಲೆ ಹೇಳಿದ ಎರಡು ಸಂಖ್ಯೆಗಳೂ ಕರ್ನೆಲ್ ಕರೆದ ಡ್ರೈವರಿನ ಹೆಸರೂ ಕಾಣುತ್ತವೆ. ಯುಎಸ್‌ಬಿ ಅಂಗಗಳ ಸಂಖ್ಯೆಗಳನ್ನು ‘ಎಲ್‌ಎಸ್‌ಯುಎಸ್‌ಬಿ’ ತೋರಿಸುತ್ತದೆ. ಹುಡುಕಬೇಕಾದುದು ಆ ಸಂಖ್ಯೆಯಿಂದಲೇ ಹೊರತು ಪೆಟ್ಟಿಗೆಯ ಮೇಲಿನ ಹೆಸರಿನಿಂದಲ್ಲ; ಒಂದೇ ಹೆಸರಿನ ಸರಕಿನಲ್ಲಿ ಬೇರೆ ಬೇರೆ ಚಿಪ್ಪುಗಳಿರುವುದುಂಟು. ವೈಫೈ ಇಲ್ಲದೆ ಫರ್ಮ್‌ವೇರನ್ನು ತರುವುದು ಹೇಗೆಂದು ಕೈಕಟ್ಟಿ ಕೂಡಬೇಕಾಗಿಲ್ಲ. ಮೊಬೈಲ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಜಾಲವನ್ನು ಹಂಚಿಕೊಂಡರೆ ಸಾಮಾನ್ಯವಾಗಿ ಕೆಲಸ ಸಾಗುತ್ತದೆ.

ಇಷ್ಟರಿಂದ ಒಂದು ತತ್ತ್ವ ಹೊರಪಡುತ್ತದೆ. ಯಂತ್ರದ ಆಯುಸ್ಸು ಅದರ ಲೋಹ, ಸಿಲಿಕಾನ್‌ಗಳ ಗಟ್ಟಿತನವನ್ನು ಮಾತ್ರ ಅವಲಂಬಿಸಿಲ್ಲ. ಅದನ್ನು ನಡೆಸುವ ಜ್ಞಾನ ಎಷ್ಟು ಜನರ ಕೈಯಲ್ಲಿದೆ ಎಂಬುದನ್ನೂ ಅವಲಂಬಿಸಿದೆ. ಜ್ಞಾನ ಒಬ್ಬನ ಪೆಟ್ಟಿಗೆಯಲ್ಲಿದ್ದರೆ ಅವನು ಬೇಡವೆಂದ ದಿನವೇ ಯಂತ್ರ ಮುದಿಯಾಯಿತು. ಹಲವರಲ್ಲಿ ಹಂಚಿದ್ದರೆ, ಅಕ್ಕರೆಯುಳ್ಳವನೊಬ್ಬನಿರುವವರೆಗೂ ಅದು ನಡೆಯುತ್ತದೆ. ಹಳೆಯ ಗಣಕವನ್ನೇ ನೆಚ್ಚಿ ಓದಬೇಕಾದ ವಿದ್ಯಾರ್ಥಿಗೆ ಇದು ಬರಿಯ ತತ್ತ್ವವಲ್ಲ, ದಿನದಿನದ ಪ್ರಶ್ನೆ. ಮುಂದೆ ಯಂತ್ರವನ್ನು ಕೊಳ್ಳುವಾಗ ಬೆಲೆಯನ್ನು ಕೇಳುವಂತೆಯೇ, ಇದರ ಡ್ರೈವರ್ ಮುಕ್ತವೇ ಎಂದೂ ಕೇಳುವ ಅಭ್ಯಾಸವನ್ನು ನಾವು ಮಾಡಿಕೊಳ್ಳಬೇಕು.