ಟಿಸಿ ಕೇಳುವ ಮೊದಲು ಸಿಲಬಸ್ ಕೇಳಿ

ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ತಾಂತ್ರಿಕ ಶಿಕ್ಷಣ ಒಂದೇ ಕಾಲೇಜಿನಲ್ಲಿ ಶುರುವಾಗಿ ಅಲ್ಲೇ ಮುಗಿಯುವುದು ಕಡಿಮೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಹತ್ತಿರದ ಐಟಿಐ, ಅಲ್ಲಿಂದ ಡಿಪ್ಲೊಮಾ, ಡಿಪ್ಲೊಮಾ ಮುಗಿದರೆ ಗದಗದ ತೋಂಟದಾರ್ಯ ಕಾಲೇಜೋ ಹುಲಕೋಟಿಯೋ ಬಾಗಲಕೋಟೆಯ ಬಸವೇಶ್ವರ ಕಾಲೇಜೋ. ನರಗುಂದದವರಿಗೆ ಹುಬ್ಬಳ್ಳಿಯೂ ಬಾಗಲಕೋಟೆಯೂ ಒಂದೇ ರಸ್ತೆಯ ಎರಡು ದಿಕ್ಕು. ಗಜೇಂದ್ರಗಡದವರು ಕುಷ್ಟಗಿ, ಕೊಪ್ಪಳದ ಕಡೆಗೂ ನೋಡುತ್ತಾರೆ. ನಡುವೆ ಹಾಸ್ಟೆಲ್ ಸಿಗುವುದಿಲ್ಲ, ಮನೆಯಲ್ಲಿ ಹಿರಿಯರಿಗೆ ಆರಾಮ ಇರುವುದಿಲ್ಲ, ಬಸ್ಸಿನ ಟೈಮು ಹೊಂದುವುದಿಲ್ಲ. ಹುಡುಗ ಕಾಲೇಜು ಬದಲಿಸುತ್ತೇನೆ ಅನ್ನುತ್ತಾನೆ. ಅಪ್ಪ ಮರುದಿನವೇ ಟಿಸಿ ತರಲು ಹೊರಡುತ್ತಾರೆ. ತಪ್ಪುವುದೇ ಅಲ್ಲಿ.

ಹೊಸ ಕಾಲೇಜು ನಿಮ್ಮ ಅಂಕಪಟ್ಟಿ ನೋಡಿ ಪಾಸಾದದ್ದನ್ನು ಒಪ್ಪುತ್ತದೆ. ಆದರೆ ಪಾಸಾದ ವಿಷಯಕ್ಕೆ ಸಿಕ್ಕ ಕ್ರೆಡಿಟ್ ತನ್ನ ಯಾವ ವಿಷಯಕ್ಕೆ ಸಮ ಎಂದು ತೀರ್ಮಾನಿಸುವಾಗ ಅದು ನೋಡುವುದು ಸಿಲಬಸ್ಸನ್ನು. ಈ ಮಾತು ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಡಿಪ್ಲೊಮಾ ಮುಗಿಸಿ ಮುಂದೆ ಸೇರುವಾಗ ಒಂದು ಕಡೆ ದೃಢೀಕೃತ ಸಿಲಬಸ್ ಕೇಳಿದರು. ಓದಿದ ಸಂಸ್ಥೆಯಲ್ಲಿ ಹಳೆಯ ಪ್ರತಿ ಇರಲಿಲ್ಲ, ನನ್ನದು ರದ್ದಿಗೆ ಹೋಗಿತ್ತು. ಕೊನೆಗೆ ಜೂನಿಯರ್ ಒಬ್ಬನ ಮನೆಯ ಅಟ್ಟದಲ್ಲಿ ಸಿಕ್ಕಿತು, ಎರಡು ಪುಟಕ್ಕೆ ಇಲಿ ಬಾಯಿ ಹಾಕಿತ್ತು.

ಮೊದಲು ಲೆಕ್ಕ ಗೊತ್ತಿರಲಿ

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪದ್ಧತಿಯಲ್ಲಿ ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ತಾಸು ಪಾಠ ಇದ್ದರೆ 1 ಕ್ರೆಡಿಟ್, ಎರಡು ತಾಸು ಲ್ಯಾಬ್ ಇದ್ದರೆ 1 ಕ್ರೆಡಿಟ್. ಸಿಲಬಸ್ ಪುಟದ ಮೇಲ್ಭಾಗದಲ್ಲಿ ಪಾಠ, ಟ್ಯುಟೋರಿಯಲ್, ಪ್ರಾಕ್ಟಿಕಲ್‌ನ ತಾಸುಗಳು ಸಾಲಾಗಿ ಇರುತ್ತವೆ. 3:0:2 ಎಂದಿದ್ದರೆ ಮೂರು ತಾಸು ಪಾಠ, ಎರಡು ತಾಸು ಲ್ಯಾಬ್, ಒಟ್ಟು 4 ಕ್ರೆಡಿಟ್. ಇಷ್ಟು ಓದಲು ಬಂದರೆ ಯಾವ ಸೆಕ್ಷನ್‌ನಲ್ಲೂ ನಿಮಗೆ ಯಾರೂ ಸುಳ್ಳು ಲೆಕ್ಕ ಹೇಳಲಾರರು.

ಯಾವ ವರ್ಷದ ಪಠ್ಯಕ್ರಮ, ಅಂದರೆ ಸ್ಕೀಮ್, ಎಂಬುದನ್ನೂ ನೋಡಿಕೊಳ್ಳಿ. 2018ರ ಸ್ಕೀಮ್‌ನಲ್ಲಿ ಬಿ.ಇ. ಪದವಿಗೆ 175 ಕ್ರೆಡಿಟ್ ಬೇಕಿತ್ತು. 2021 ಮತ್ತು 2022ರ ಸ್ಕೀಮ್‌ಗಳಲ್ಲಿ 160. ಇಯರ್ ಬ್ಯಾಕ್ ಆಗಿ ಕೂತವರು ಮರಳಿ ಸೇರುವಷ್ಟರಲ್ಲಿ ಸ್ಕೀಮ್ ಬದಲಾಗಿರಬಹುದು. ಆಗ ಕಾಲೇಜು ಅದೇ ಆಗಿದ್ದರೂ ವಿಷಯಗಳನ್ನು ಹೊಂದಿಸುವ ಕೆಲಸ ತಪ್ಪುವುದಿಲ್ಲ.

ಡಿಪ್ಲೊಮಾದಿಂದ ಬಿ.ಇ.

ನಮ್ಮ ಕಡೆ ಹೆಚ್ಚು ಜನ ಹಿಡಿಯುವ ದಾರಿ ಇದು. ಹೆಚ್ಚು ಗೊಂದಲವೂ ಇಲ್ಲೇ. ‘ನನ್ನ ಡಿಪ್ಲೊಮಾ ಕ್ರೆಡಿಟ್ ಎಲ್ಲಾ ಅಲ್ಲಿಗೆ ಜಮಾ ಆಗತಾವೇನ್ರೀ?’ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಹೀಗೆ ನೇರ ಎರಡನೇ ವರ್ಷಕ್ಕೆ ಸೇರುವ ಲ್ಯಾಟರಲ್ ಎಂಟ್ರಿಯಲ್ಲಿ ಕ್ರೆಡಿಟ್ ವರ್ಗಾವಣೆ ಎಂಬುದೇ ಇಲ್ಲ. ಮೊದಲ ವರ್ಷದಿಂದ ವಿನಾಯಿತಿ ಸಿಗುತ್ತದೆ, ಅಷ್ಟೆ. 160ರಲ್ಲಿ ಮೊದಲ ವರ್ಷದ 40 ಬಿಟ್ಟು ಉಳಿದ 120 ಕ್ರೆಡಿಟ್ಟನ್ನು ನೀವು ಗಳಿಸಬೇಕು. ಡಿಪ್ಲೊಮಾದಲ್ಲಿ ಶೇ 90 ಬಂದಿದ್ದರೂ ಅದು ನಿಮ್ಮ ಸಿಜಿಪಿಎಗೆ ಸೇರದು, ಲೆಕ್ಕ ಮೂರನೇ ಸೆಮಿಸ್ಟರ್‌ನಿಂದ ಹೊಸದಾಗಿ ಶುರು. ಡಿಪ್ಲೊಮಾದಲ್ಲಿ ಕಡಿಮೆ ಅಂಕ ಬಂದು ಮುಖ ಸಣ್ಣದು ಮಾಡಿಕೊಂಡವರಿಗೆ ಇದು ಒಳ್ಳೆಯ ಸುದ್ದಿಯೇ.

ಪ್ರವೇಶಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಡಿಸಿಇಟಿ ಬರೆಯಬೇಕು. ಅರ್ಹತೆಗೆ ಡಿಪ್ಲೊಮಾದಲ್ಲಿ ಶೇ 45, ಮೀಸಲು ವರ್ಗದವರಿಗೆ ಶೇ 40. ಸೀಟು ಸಿಕ್ಕು ವಿಟಿಯುವಿನ ನೋಂದಣಿ ಸಂಖ್ಯೆ (ಯುಎಸ್‌ಎನ್) ಬಂದಾಗ ಗಮನಿಸಿ: ಮೊದಲ ಅಂಕಿ ಪ್ರಾದೇಶಿಕ ವಿಭಾಗದ್ದು, ಗದಗ ಜಿಲ್ಲೆಯ ಕಾಲೇಜುಗಳಿಗೆ ಬೆಳಗಾವಿ ವಿಭಾಗದ 2. ಕೊನೆಯ ಮೂರು ಅಂಕಿ 400ರಿಂದ ಶುರುವಾದರೆ ಲ್ಯಾಟರಲ್ ವಿದ್ಯಾರ್ಥಿ ಎಂದರ್ಥ. ಕ್ಲಾಸಿನಲ್ಲಿ ‘ಫೋರ್ ಹಂಡ್ರೆಡ್ ಬ್ಯಾಚ್’ ಎಂದು ಕರೆದರೆ ಬೇಜಾರು ಬೇಡ. ವರ್ಕ್‌ಶಾಪಿನಲ್ಲಿ ಮೊದಲು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ.

ಲ್ಯಾಟರಲ್‌ನವರು ಎಡವುವುದು ಗಣಿತದಲ್ಲಿ. ಅವರಿಗೆಂದೇ ಹೆಚ್ಚುವರಿ ಗಣಿತದ ಕೋರ್ಸ್ ಇರುತ್ತದೆ. ಅದಕ್ಕೆ ಕ್ರೆಡಿಟ್ ಇಲ್ಲ, ಆದರೆ ಪಾಸಾಗಲೇಬೇಕು. ಕ್ರೆಡಿಟ್ ಇಲ್ಲವಲ್ಲ ಎಂದು ಬದಿಗಿಟ್ಟವರು ಕೊನೆಯ ವರ್ಷದಲ್ಲಿ ಅದೊಂದನ್ನೇ ಹಿಡಿದು ಕೂರುವುದನ್ನು ನೋಡಿದ್ದೇನೆ. ಮತ್ತೊಂದು ಎಐಸಿಟಿಇ ಚಟುವಟಿಕೆ ಅಂಕ: ಮೊದಲ ವರ್ಷದಿಂದ ಓದುವವರಿಗೆ 100, ಲ್ಯಾಟರಲ್‌ನವರಿಗೆ 75. ಊರಿನ ಕೆರೆ, ಶಾಲೆ, ಕುಡಿಯುವ ನೀರಿನ ಕೆಲಸ ಇದಕ್ಕೆ ಸಲ್ಲುತ್ತದೆ. ಹಳ್ಳಿಯಿಂದ ಬಂದವರಿಗೆ ಸುಲಭದ ಗಳಿಕೆ. ಮಾಡಿದ ಕೂಡಲೇ ವರದಿ ಬರೆದು ಸಹಿ ಹಾಕಿಸಿಕೊಳ್ಳಿ.

ಹಾಜರಾತಿಯಲ್ಲೂ ಹಳೆಯ ರೂಢಿ ನಡೆಯದು. ಡಿಪ್ಲೊಮಾದಲ್ಲಿ ಶೇ 75 ಸಾಕಿತ್ತು, ವಿಟಿಯುದಲ್ಲಿ ಶೇ 85 ಬೇಕು. ಸೀಗಿ ಹುಣ್ಣಿಮೆ, ಜಾತ್ರೆ, ಕಡಲೆ ರಾಶಿ ಎಂದು ಊರಿಗೆ ಬಂದು ವಾರಗಟ್ಟಲೆ ಉಳಿಯುವವರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಐಟಿಐನಿಂದ ಡಿಪ್ಲೊಮಾಕ್ಕೆ ಹೋಗುವವರಿಗೂ ಇದೇ ಮಾತು: ಕ್ರೆಡಿಟ್ ವರ್ಗಾವಣೆ ಇಲ್ಲ, ಮೊದಲ ವರ್ಷದ ವಿನಾಯಿತಿ ಮಾತ್ರ. ಎರಡು ವರ್ಷದ ಐಟಿಐ ಅಥವಾ ಪಿಯುಸಿ ವಿಜ್ಞಾನ ಮುಗಿಸಿದವರು ನೇರ ಎರಡನೇ ವರ್ಷಕ್ಕೆ ಸೇರಬಹುದು. ಟ್ರೇಡಿಗೂ ಬ್ರಾಂಚಿಗೂ ಹೊಂದಿಕೆ ಇದೆಯೇ ಎಂದು ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ.

ನಡುವೆ ಕಾಲೇಜು ಬದಲಿಸುವುದು

ನಿಜವಾದ ಕ್ರೆಡಿಟ್ ವರ್ಗಾವಣೆ ಬರುವುದು ಇಲ್ಲಿ. ನೀವು ಹೋಗುತ್ತಿರುವ ಕಾಲೇಜು ಯಾವ ಬಗೆಯದು ಎಂದು ಮೊದಲು ತಿಳಿಯಿರಿ. ವಿಟಿಯುವಿನ ಸಾಧಾರಣ ಸಂಯೋಜಿತ ಕಾಲೇಜಿನಿಂದ ಅಂಥದೇ ಇನ್ನೊಂದಕ್ಕೆ, ಅದೇ ಸ್ಕೀಮ್, ಅದೇ ಬ್ರಾಂಚ್ ಆದರೆ ಸಿಲಬಸ್ ಒಂದೇ, ತಲೆನೋವು ಕಡಿಮೆ. ಬಾಗಲಕೋಟೆಯ ಬಸವೇಶ್ವರ ಕಾಲೇಜಿನಂಥ ಸ್ವಾಯತ್ತ ಕಾಲೇಜಿನಲ್ಲಿ ಪದವಿ ವಿಟಿಯುವಿನದೇ ಆದರೂ ಸಿಲಬಸ್ ಅವರದೇ. ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ ಬೇರೆಯದೇ ವಿಶ್ವವಿದ್ಯಾಲಯ. ಅಲ್ಲಿನ ನಿಯಮ ಅಲ್ಲಿಯೇ ಕೇಳಬೇಕು.

ಬಗೆ ಗೊತ್ತಾದ ಮೇಲೆ ಕೆಲಸ ಈ ಕ್ರಮದಲ್ಲಿ ನಡೆಯಲಿ.

ಹೋಗಬೇಕಾದ ಕಾಲೇಜಿನಲ್ಲಿ ಆ ಬ್ರಾಂಚಿನ ಆ ವರ್ಷಕ್ಕೆ ಸೀಟು ಖಾಲಿ ಇದೆಯೇ ಎಂದು ಕೇಳಿ. ಮಂಜೂರಾದ ಸಂಖ್ಯೆ ಮೀರಿ ಯಾರನ್ನೂ ಸೇರಿಸಿಕೊಳ್ಳುವಂತಿಲ್ಲ. ಬದಲಾವಣೆ ಸಾಮಾನ್ಯವಾಗಿ ಶೈಕ್ಷಣಿಕ ವರ್ಷದ ಆರಂಭದಲ್ಲಿ, ಬೆಸ ಸೆಮಿಸ್ಟರ್ ಶುರುವಾಗುವಾಗ ಮಾತ್ರ. ಡಿಸೆಂಬರಿನಲ್ಲಿ ಮನಸ್ಸು ಮುರಿದರೂ ಜೂನ್, ಜುಲೈತನಕ ತಾಳಿಕೊಂಡು ಪರೀಕ್ಷೆ ಬರೆಯುವುದೇ ಜಾಣತನ.

ಈಗ ಒಂದು ದೊಡ್ಡ ಹಾಳೆ ತೆಗೆದುಕೊಂಡು ನೀವೇ ಪಟ್ಟಿ ಮಾಡಿ. ಎಡಕ್ಕೆ ಪಾಸಾದ ವಿಷಯ, ಕೋಡ್, ಕ್ರೆಡಿಟ್. ಬಲಕ್ಕೆ ಹೊಸ ಕಾಲೇಜಿನ ಅದೇ ವಿಷಯ, ಕೋಡ್, ಕ್ರೆಡಿಟ್. ಹೆಸರು ಒಂದೇ ಇದ್ದರೆ ಸಾಲದು, ಒಳಗಿನ ಐದು ಮಾಡ್ಯೂಲ್‌ಗಳನ್ನೂ ಓದಿ. ಸಿವಿಲ್‌ನವರಿಗೆ ಇಲ್ಲಿ ಮೂರನೇ ಸೆಮಿಸ್ಟರಿನಲ್ಲಿದ್ದ ಫ್ಲುಯಿಡ್ ಮೆಕ್ಯಾನಿಕ್ಸ್ ಅಲ್ಲಿ ನಾಲ್ಕನೆಯದರಲ್ಲಿ ಇರಬಹುದು. ಅದರ ಜಾಗದಲ್ಲಿ ನೀವು ಓದಿಯೇ ಇಲ್ಲದ ಸರ್ವೇಯಿಂಗ್ ಅಲ್ಲಿನ ಮೂರನೇ ಸೆಮಿಸ್ಟರಿನಲ್ಲಿ ಮುಗಿದು ಹೋಗಿರಬಹುದು. ಆಗ ಒಂದು ವಿಷಯ ನಿಮಗೆ ಮಿಕ್ಕುತ್ತದೆ, ಇನ್ನೊಂದು ಬಾಕಿ ಬೀಳುತ್ತದೆ. ಬಾಕಿ ಬಿದ್ದದ್ದನ್ನು ಆಯಾ ಸೆಮಿಸ್ಟರಿನ ಓದಿನ ಜೊತೆಗೇ ಮುಗಿಸಬೇಕು. ಅಂಥವು ಎಷ್ಟು ಎಂಬುದನ್ನು ನೋಡಿಕೊಂಡೇ ಹೋಗಬೇಕೋ ಬೇಡವೋ ನಿರ್ಧರಿಸಿ. ಒಂದೆರಡಾದರೆ ಪರವಾಗಿಲ್ಲ, ನಾಲ್ಕು ದಾಟಿದರೆ ನಾನಾದರೆ ಇದ್ದಲ್ಲೇ ಇರುತ್ತೇನೆ.

ಪಟ್ಟಿಯ ಜೊತೆ ಸಿಲಬಸ್ಸಿನ ಪ್ರತಿ ಪುಟಕ್ಕೆ ಈಗಿನ ಕಾಲೇಜಿನ ಪ್ರಾಂಶುಪಾಲರ ಸಹಿ, ಮೊಹರು ಇರಲಿ. ಇದನ್ನು ಹೊಸ ಕಾಲೇಜಿನ ವಿಭಾಗ ಮುಖ್ಯಸ್ಥರಿಗೆ ತೋರಿಸಿ ಅವರ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಕೇಳಿ. ‘ಬಾರಪ್ಪ, ನೋಡೋಣ’ ಎಂಬ ಬಾಯಿಮಾತು ಆಡಿದವರು ಎದುರಿಗೆ ಇರುವಷ್ಟು ದಿನ ಮಾತ್ರ ಬಾಳುತ್ತದೆ. ಆಮೇಲೆ ಎರಡೂ ಕಾಲೇಜುಗಳ ಎನ್‌ಒಸಿ, ಅದಾದ ಮೇಲೆ ವಿಶ್ವವಿದ್ಯಾಲಯದ ಅನುಮತಿ. ಟಿಸಿ ಎಲ್ಲಕ್ಕಿಂತ ಕೊನೆಗೆ.

ಫೇಲಾದ ವಿಷಯಕ್ಕೆ ಕ್ರೆಡಿಟ್ಟೇ ಇಲ್ಲ, ಆದ್ದರಿಂದ ಅದು ವರ್ಗಾವಣೆಯೂ ಆಗದು. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರು ಬ್ಯಾಕ್ ಇದ್ದರೆ ಮುಗಿಸಿಕೊಂಡೇ ಹೊರಡಿ.

ಮೂಲ ಅಂಕಪಟ್ಟಿಗಳನ್ನು ಒತ್ತೆಯ ಹಾಗೆ ಇಟ್ಟುಕೊಳ್ಳುವ ಸಂಸ್ಥೆಗಳು ಇವೆ. ಹಾಗೆ ಮಾಡುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಜಗಳಕ್ಕೆ ಹೋಗದೆ ಆ ಅಧಿಸೂಚನೆಯ ಪ್ರತಿ ಲಗತ್ತಿಸಿ ಅರ್ಜಿ ಕೊಡಿ, ಇನ್‌ವರ್ಡ್ ಸಂಖ್ಯೆ ಬರೆಸಿಕೊಂಡು ಬನ್ನಿ.

ಕ್ರೆಡಿಟ್ ಬ್ಯಾಂಕ್

ಯುಜಿಸಿ 2021ರ ಜುಲೈನಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮ ತಂದಿತು. ಡಿಜಿಲಾಕರ್ ತೆರೆದು ಆಧಾರ್‌ಗೆ ಜೋಡಿಸಿದ ಮೊಬೈಲ್‌ನಿಂದ ನೋಂದಾಯಿಸಿದರೆ 12 ಅಂಕಿಯ ಅಪಾರ್ ಸಂಖ್ಯೆ ಸಿಗುತ್ತದೆ. ಕ್ರೆಡಿಟ್ಟನ್ನು ನೀವು ಜಮಾ ಮಾಡಲಾಗದು, ಸಂಸ್ಥೆಯೇ ಮಾಡಬೇಕು. ಜಮಾ ಆದದ್ದು ಏಳು ವರ್ಷ ಇರುತ್ತದೆ. ಓದು ನಡುವೆ ಬಿಟ್ಟು ಕೆಲಸಕ್ಕೆ ಹೋಗಿ ಮರಳುವವರಿಗೆ ಇದು ನಿಜಕ್ಕೂ ಆಸರೆ. ಆದರೆ ಖಾತೆಯಲ್ಲಿ ಕ್ರೆಡಿಟ್ ಇದೆ ಎಂದ ಮಾತ್ರಕ್ಕೆ ಹೊಸ ಕಾಲೇಜು ಅದನ್ನು ಒಪ್ಪಲೇಬೇಕೆಂದಿಲ್ಲ, ಮತ್ತೆ ಆ ಸಿಲಬಸ್ ಪಟ್ಟಿಯೇ ಗತಿ.

ನೋಂದಣಿಯಲ್ಲಿ ನಮ್ಮ ಭಾಗದವರಿಗೆ ಕಾಡುವುದು ಹೆಸರು. ಎಸ್‌ಎಸ್‌ಎಲ್‌ಸಿಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಆಧಾರ್‌ನಲ್ಲಿ ತಂದೆಯ ಹೆಸರು ಬಿಟ್ಟು ಹೋಗಿರುತ್ತದೆ, ಇಲ್ಲವೇ ಅಡ್ಡಹೆಸರು ಮುಂದೆ ಬಂದು ಕೂತಿರುತ್ತದೆ. ಮೊದಲು ಆಧಾರ್‌ನಲ್ಲಿ ಎಸ್‌ಎಸ್‌ಎಲ್‌ಸಿಯಂತೆ ತಿದ್ದಿಸಿ. ಎಸ್‌ಎಸ್‌ಎಲ್‌ಸಿ ತಿದ್ದಿಸಲು ಹೋದರೆ ವರ್ಷ ಹಿಡಿದೀತು.

ಸ್ವಯಂ, ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸಿನಿಂದಲೂ ಕ್ರೆಡಿಟ್ ಬರುತ್ತದೆ: 4 ವಾರಕ್ಕೆ 1, 8 ವಾರಕ್ಕೆ 2, 12 ವಾರಕ್ಕೆ 3. ಎನ್‌ಪಿಟಿಇಎಲ್‌ನಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರಕ್ಕೆ ಕ್ರಮವಾಗಿ 10 ಮತ್ತು 30 ಬೇಕು. ಪರೀಕ್ಷೆ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ನೋಂದಣಿಗೆ ಮೊದಲೇ ವಿಭಾಗದ ಒಪ್ಪಿಗೆ ಪಡೆಯಿರಿ. ಮುಗಿಸಿದ ಮೇಲೆ ಕೇಳಿದರೆ ಪ್ರಮಾಣಪತ್ರ ಗೋಡೆಗೆ ಚೆಂದ, ಅಷ್ಟೇ.

ಕಾಲೇಜು ಆರಿಸುವಾಗ ಗಜೇಂದ್ರಗಡದವರಿಗೆ ಒಂದು ಮಾತು. ಹತ್ತಿರದ ಕುಷ್ಟಗಿ, ಯಲಬುರ್ಗಾ ಸಂವಿಧಾನದ 371(ಜೆ) ವಿಧಿಯ ಪ್ರಾದೇಶಿಕ ಮೀಸಲಾತಿ ವ್ಯಾಪ್ತಿಯ ಕೊಪ್ಪಳ ಜಿಲ್ಲೆಯಲ್ಲಿವೆ, ಗದಗ ಜಿಲ್ಲೆ ಆ ವ್ಯಾಪ್ತಿಯಲ್ಲಿಲ್ಲ. ಕೊಪ್ಪಳ ಕಡೆಯ ಕಾಲೇಜಿಗೆ ಹೋಗುವವರು ಸೀಟಿನ ಲೆಕ್ಕವನ್ನು ಇದನ್ನು ಗಮನದಲ್ಲಿಟ್ಟುಕೊಂಡೇ ಹಾಕಬೇಕು.

ಹೊಸ ಕಾಲೇಜು ಸೇರಿದ ಮೇಲೆ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನ ಅರ್ಜಿಯಲ್ಲಿ ಹೊಸ ಕಾಲೇಜಿನ ಹೆಸರೇ ಇದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ವಿದ್ಯಾರ್ಥಿವೇತನ ಹಳೆಯ ಕಾಲೇಜಿನ ಪರಿಶೀಲನೆಗೆ ಹೋಗಿ ಅಲ್ಲೇ ಕೂರುತ್ತದೆ. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ದಿನ ಅಂಕ ನೋಡಿದ ಮೇಲೆ ಒಟ್ಟು ಕ್ರೆಡಿಟ್ಟಿನ ಸಾಲನ್ನೂ ನೋಡಿ. ಹಳೆಯದು ಅದರಲ್ಲಿ ಕೂಡಿಲ್ಲದಿದ್ದರೆ ಅದೇ ವಾರ, ಆ ಪಟ್ಟಿಯ ಮತ್ತು ಮೊಹರು ಹಾಕಿದ ಸಿಲಬಸ್ಸಿನ ಪ್ರತಿ ಹಿಡಿದು, ಪರೀಕ್ಷಾ ವಿಭಾಗಕ್ಕೆ ಹೋಗಿ.