ಗಣಕಜಾಲದ ಬಿರುಗಾಳಿಯೂ ಅದರ ನಿಗ್ರಹವೂ

ಶಾಲೆ, ಬ್ಯಾಂಕು, ಆಸ್ಪತ್ರೆ ಮೊದಲಾದೆಡೆಗಳಲ್ಲಿ ಗಣಕಯಂತ್ರಗಳು ಇಂದು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅವೆಲ್ಲವೂ ತಂತಿಗಳ ಮೂಲಕ ‘ಸ್ವಿಚ್’ ಎಂಬ ಪೆಟ್ಟಿಗೆಗೆ ಜೋಡಿಸಲ್ಪಟ್ಟು ಒಂದು ಜಾಲವಾಗಿರುತ್ತವೆ. ಇದು ದೀಪ ಹೊತ್ತಿಸುವ ಸ್ವಿಚ್ಚಲ್ಲ. ಹೆಸರೊಂದೇ, ಕೆಲಸ ಬೇರೆ. ಒಮ್ಮೊಮ್ಮೆ ಯಾವ ಗಣಕವೂ ಕೆಡದೆ, ಯಾವ ತಂತಿಯೂ ಕಡಿಯದೆ, ಜಾಲವೆಲ್ಲವೂ ಹಠಾತ್ತನೆ ಸ್ತಬ್ಧವಾಗುವುದುಂಟು. ಗಣಕದಲ್ಲಿ ಪರೀಕ್ಷೆ ನಡೆಯುವ ಬೆಳಗ್ಗೆ ಹೀಗಾದರೆ ಮಕ್ಕಳ ಪಾಡೇನೆಂಬುದನ್ನು ತಂದೆತಾಯಿಗಳು ಊಹಿಸಬಲ್ಲರು. ಇಂತಹ ಸ್ತಂಭನಕ್ಕೆ ಒಂದು ಮುಖ್ಯ ಕಾರಣವೆಂದರೆ ‘ಬ್ರಾಡ್‌ಕಾಸ್ಟ್ ಸ್ಟಾರ್ಮ್’. ನಾವು ಇದನ್ನು ಡಂಗುರದ ಬಿರುಗಾಳಿಯೆಂದು ಕರೆಯೋಣ.

ಡಂಗುರವೆಂದೇಕೆ ಹೇಳಿದೆವು? ಜಾಲದಲ್ಲಿ ಪ್ರತಿಯೊಂದು ಗಣಕಕ್ಕೂ ೪೮ ಬಿಟ್ಟುಗಳ ಒಂದು ವಿಳಾಸವಿದೆ. ಯಾವ ವಿಳಾಸದ ಯಂತ್ರವು ತನ್ನ ಯಾವ ಪೋರ್ಟಿಗೆ ಜೋಡಿಸಲ್ಪಟ್ಟಿದೆಯೆಂಬುದನ್ನು ಸ್ವಿಚ್ಚು ತಾನಾಗಿಯೇ ಕಲಿತುಕೊಂಡು, ಬಂದ ಓಲೆಯನ್ನು ಆ ಒಂದೇ ಪೋರ್ಟಿಗೆ ತಲುಪಿಸುತ್ತದೆ. ಆದರೆ ಕೆಲವು ಓಲೆಗಳು ಎಲ್ಲರಿಗೂ ಸೇರಬೇಕಾದವು. ಉದಾಹರಣೆಗೆ, ಒಂದು ಯಂತ್ರವು ಇನ್ನೊಂದರ ವಿಳಾಸವನ್ನು ಅರಿಯದಿದ್ದಾಗ “ಇಂಥವರು ಯಾರು?” ಎಂದು ಊರಿಗೆಲ್ಲ ಸಾರಿ ಕೇಳುತ್ತದೆ. ೧೯೮೨ರಲ್ಲಿ ರೂಪುಗೊಂಡ ‘ಎ.ಆರ್.ಪಿ.’ ಎಂಬ ಕ್ರಮವು ಇದೇ. ೪೮ ಬಿಟ್ಟುಗಳೂ ಒಂದೇ ಆಗಿರುವ ವಿಳಾಸವನ್ನು ಹೊತ್ತ ಇಂತಹ ಓಲೆಯನ್ನು ಸ್ವಿಚ್ಚು, ಬಂದ ಪೋರ್ಟನ್ನುಳಿದು ಮಿಕ್ಕೆಲ್ಲ ಪೋರ್ಟುಗಳಿಗೂ ಕಳುಹಿಸುತ್ತದೆ. ಡಂಗುರವಿಲ್ಲದೆ ಜಾಲವು ನಡೆಯಲಾರದು. ಆದುದರಿಂದ ಅದನ್ನು ಪೂರ್ಣವಾಗಿ ತಡೆಯುವುದು ಮದ್ದಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು.

ಇನ್ನು, ಎರಡು ಸ್ವಿಚ್ಚುಗಳನ್ನು ಒಂದರ ಬದಲು ಎರಡು ತಂತಿಗಳಿಂದ ಜೋಡಿಸಿದೆವೆನ್ನಿ; ಅಥವಾ ಒಂದೇ ತಂತಿಯ ಎರಡು ತುದಿಗಳನ್ನೂ ಒಂದೇ ಪೆಟ್ಟಿಗೆಗೆ ಚುಚ್ಚಿದೆವೆನ್ನಿ. ಆಗ ಒಂದು ಕುಣಿಕೆಯುಂಟಾಗುತ್ತದೆ. ಕುಣಿಕೆಯೊಳಗೆ ಹೊಕ್ಕ ಡಂಗುರದ ಓಲೆಯು ಸುತ್ತಿ ಸುತ್ತಿ ಬರುತ್ತದೆ. ಸುತ್ತುವಾಗಲೆಲ್ಲ ಮಿಕ್ಕ ಪೋರ್ಟುಗಳಿಗೂ ನಕಲಾಗಿ ಹೋಗುತ್ತದೆ. ಗುಡ್ಡದ ಮಾರ್ದನಿಯಾದರೆ ಕ್ರಮೇಣ ಕ್ಷೀಣಿಸಿ ಅಡಗುವುದು. ಈಥರ್ನೆಟ್ಟಿನ ಓಲೆಗೆ ಆಯುಸ್ಸಿನ ಮಿತಿಯೇ ಇಲ್ಲ; ಕುಣಿಕೆಯನ್ನು ಬಿಡಿಸುವವರೆಗೂ ಅದು ಸಾಯದು. ಇಲ್ಲಿ ಚಿಕ್ಕದೊಂದು ಲೆಕ್ಕ ಮಾಡಿ ನೋಡಿರಿ. ಅತ್ಯಂತ ಚಿಕ್ಕ ಓಲೆಯು ಹಿಂದುಮುಂದಿನ ಅವಕಾಶ ಸಹಿತ ೮೪ ಬೈಟುಗಳು, ಎಂದರೆ ೬೭೨ ಬಿಟ್ಟುಗಳು. ಸೆಕೆಂಡಿಗೆ ೧೦೦ ಕೋಟಿ ಬಿಟ್ಟುಗಳನ್ನು ಸಾಗಿಸುವ ತಂತಿಯಲ್ಲಿ ಇಂತಹವು ಸೆಕೆಂಡಿಗೆ ೧೪,೮೮,೦೯೫ ಹಿಡಿಯುತ್ತವೆ. ಪ್ರತಿಯೊಂದು ಗಣಕವೂ ತನಗೆ ಬಂದ ಡಂಗುರವನ್ನು ಬಿಚ್ಚಿ ನೋಡಲೇಬೇಕಾದ ಕಾರಣ, ತಂತಿಯ ಜತೆಗೆ ಯಂತ್ರವೂ ಬಳಲುತ್ತದೆ.

ಈ ಕುಣಿಕೆಗಳನ್ನು ತಾನಾಗಿಯೇ ಗುರುತಿಸಿ, ಹೆಚ್ಚಿನ ದಾರಿಗಳನ್ನು ಮುಚ್ಚಿಡುವ ‘ಸ್ಪ್ಯಾನಿಂಗ್ ಟ್ರೀ’ ಎಂಬ ಕ್ರಮವನ್ನು ೧೯೮೫ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆಯು ರೂಪಿಸಿದಳು. ಗಣಿತವು ಗಂಡುಮಕ್ಕಳ ವಿಷಯವೆಂದು ಈಗಲೂ ಎಣಿಸುವ ಹಿರಿಯರು ಈ ಹೆಸರನ್ನು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ. ಆದರೆ ಅಗ್ಗದ ಚಿಕ್ಕ ಸ್ವಿಚ್ಚುಗಳಲ್ಲಿ ಈ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ; ಇರುವಲ್ಲಿಯೂ ಅದು ಸೋಲುವುದುಂಟು. ೨೦೦೨ರ ನವೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲವು ಈ ಕ್ರಮಕ್ಕೆ ತಾಳಲಾರದಷ್ಟು ವಿಸ್ತಾರವಾಗಿ ಬೆಳೆದು, ಕುಣಿಕೆಗಳುಂಟಾಗಿ, ಹಲವು ದಿನಗಳ ಕಾಲ ಅಸ್ತವ್ಯಸ್ತವಾಯಿತು. ವೈದ್ಯರೂ ದಾದಿಯರೂ ಮರಳಿ ಕಾಗದ ಲೇಖನಿಗಳನ್ನು ಹಿಡಿದು ರೋಗಿಗಳ ಆರೈಕೆ ನಡೆಸಬೇಕಾಯಿತು.

ಆದುದರಿಂದಲೇ ಎರಡನೆಯದೊಂದು ಕಾವಲು ಬೇಕಾಗುತ್ತದೆ. ಅದೇ ‘ಸ್ಟಾರ್ಮ್ ಕಂಟ್ರೋಲ್’, ಎಂದರೆ ಬಿರುಗಾಳಿ ನಿಗ್ರಹ. ಪೋರ್ಟಿನ ಮೂಲಕ ಒಳಬರುವ ಡಂಗುರದ ಓಲೆಗಳನ್ನು ಸ್ವಿಚ್ಚು ಎಣಿಸುತ್ತಿದ್ದು, ಗೊತ್ತುಮಾಡಿದ ಮಿತಿಯನ್ನು ಮೀರಿದವನ್ನು ಎಸೆಯುತ್ತದೆ. ಅಪ್ಪಣೆಯಿದ್ದರೆ ಪೋರ್ಟನ್ನೇ ಮುಚ್ಚುತ್ತದೆ. ಇದು ಕೆರೆಯ ತೂಬಿನಂತೆ. ತೂಬು ಇಳಿಸಿದರೆ ಮೇಲಣ ಮಳೆ ನಿಲ್ಲದು. ಒಳ್ಳೆಯ ನೀರು, ಕೆಟ್ಟ ನೀರು ಎಂಬ ಭೇದವನ್ನೂ ತೂಬು ಅರಿಯದು. ಈ ಎರಡು ಮಾತುಗಳನ್ನು ಮರೆತವರೇ ದೋಷವನ್ನು ಹುಡುಕುವಾಗ ದಾರಿ ತಪ್ಪುತ್ತಾರೆ.

ಮಿತಿಯು ತೀರ ಕಡಿಮೆಯಾದರೆ ಏನಾಗುವುದು? ಬೆಳಗ್ಗೆ ಗಣಕಕೊಠಡಿಯ ೩೦ ಯಂತ್ರಗಳನ್ನು ಒಮ್ಮೆಗೇ ಚಾಲೂ ಮಾಡಿದಾಗ ಪ್ರತಿಯೊಂದೂ ತನಗೊಂದು ವಿಳಾಸವನ್ನು ಕೊಡಿರೆಂದು ಡಂಗುರ ಸಾರುತ್ತದೆ. ಒಂದೊಂದು ಗಣಕದ ಪೋರ್ಟಿಗೆ ಸೆಕೆಂಡಿಗೆ ೨೦ ಓಲೆಗಳ ಮಿತಿ ಸಾಕಾದೀತು. ಆದರೆ ಆ ಮೂವತ್ತರ ಕೂಗೂ ಒಟ್ಟಾಗಿ ಬರುವ, ಎರಡು ಸ್ವಿಚ್ಚುಗಳ ನಡುವಣ ಪೋರ್ಟಿಗೆ ಅದೇ ಮಿತಿಯನ್ನು ಇಟ್ಟರೆ, ಕೆಲವು ಕೂಗುಗಳು ದಾರಿಯಲ್ಲೇ ಅಡಗುತ್ತವೆ. ಹತ್ತು ಯಂತ್ರಗಳಿಗೆ ವಿಳಾಸ ದೊರೆತು ಪಕ್ಕದವಕ್ಕೆ ದೊರೆಯದು. ನಾಳೆ ಬೇರೆ ಹತ್ತಕ್ಕೆ ದೊರೆತೀತು. ವಿಳಾಸ ಸಿಕ್ಕದ ಯಂತ್ರವು ೧೬೯.೨೫೪ ಎಂದು ಮೊದಲಾಗುವ ಅಂಕಿಯನ್ನು ತಾನೇ ಇಟ್ಟುಕೊಂಡಿರುತ್ತದೆ. ಈ ಲಕ್ಷಣವು ಕಂಡಲ್ಲಿ ಗಣಕವನ್ನು ಬಿಚ್ಚುವ ಮೊದಲು, ಆ ಪೋರ್ಟಿನಲ್ಲಿ ಎಸೆದ ಓಲೆಗಳ ಲೆಕ್ಕವನ್ನು ನೋಡಬೇಕು.

ಮಿತಿಯನ್ನು ಶೇಕಡಾದಲ್ಲಿ ಹೇಳುವಾಗ ಇನ್ನೊಂದು ಬಲೆಯಿದೆ. ೧೦೦ ಕೋಟಿ ಬಿಟ್ಟುಗಳ ಪೋರ್ಟಿನಲ್ಲಿ ಶೇಕಡಾ ೧ ಎಂದರೆ ಚಿಕ್ಕ ಓಲೆಗಳು ಸೆಕೆಂಡಿಗೆ ೧೪,೮೮೦. ತಂತಿಯ ದೋಷದಿಂದ ಅದೇ ಪೋರ್ಟು ೧೦ ಕೋಟಿಗೆ ಇಳಿದರೆ ೧,೪೮೮ ಮಾತ್ರ. ನಮ್ಮ ಅಭಿಪ್ರಾಯದಲ್ಲಿ, ಸ್ವಿಚ್ಚಿನಲ್ಲಿ ಅನುಕೂಲವಿದ್ದರೆ ಓಲೆಗಳ ಎಣಿಕೆಯಲ್ಲೇ ಮಿತಿ ಹೇಳುವುದು ಮೇಲು.

ಮುಚ್ಚಿದ ಪೋರ್ಟನ್ನು ಕೆಲವು ಸ್ವಿಚ್ಚುಗಳು ನಿರ್ದಿಷ್ಟ ಅವಧಿಯ ಬಳಿಕ ತಾವೇ ತೆರೆಯುವಂತೆ ಏರ್ಪಡಿಸಬಹುದು. ೩೦೦ ಸೆಕೆಂಡುಗಳು ರೂಢಿಯ ಅವಧಿ. ಸ್ವಿಚ್ಚಿನ ದಾಖಲೆಯಲ್ಲಿ ಒಂದೇ ಪೋರ್ಟು ಐದು ನಿಮಿಷಕ್ಕೊಮ್ಮೆ ತೆರೆದು ಮುಚ್ಚುತ್ತಿದ್ದರೆ, ಕುಣಿಕೆಯು ಆ ತಂತಿಯ ಆಚೆಗೆ ಇನ್ನೂ ಇದೆಯೆಂದೇ ಅರ್ಥ. ಆಗ ಮಿತಿಯನ್ನು ಏರಿಸಿ ತೊಂದರೆ ತಪ್ಪಿತೆಂದು ಸುಮ್ಮನಾಗುವುದು, ಜ್ವರ ಬಂದಾಗ ಜ್ವರಮಾಪಕವನ್ನು ಎಸೆದಂತೆ.

ಹುಡುಕುವ ಬಗೆಯೂ ಕಷ್ಟವಾದುದಲ್ಲ. ಎಲ್ಲ ಪೋರ್ಟುಗಳ ದೀಪಗಳೂ ಒಂದೇ ಸಮನೆ, ಬಿಡುವಿಲ್ಲದೆ ಮಿನುಗುವುದು ಮೊದಲ ಸೂಚನೆ. ಒಂದೇ ವಿಳಾಸವು ಈಗ ಈ ಪೋರ್ಟಿನಲ್ಲಿ, ಮರುಕ್ಷಣ ಆ ಪೋರ್ಟಿನಲ್ಲಿ ಕಂಡಿತೆಂಬ ದಾಖಲೆಯು ಎರಡನೆಯದು. ಯಾವ ಪೋರ್ಟಿನಲ್ಲಿ ಒಳಬರುವ ಡಂಗುರದ ಲೆಕ್ಕವು ಭರದಿಂದ ಏರುತ್ತಿದೆಯೋ ಅದರ ತಂತಿಯನ್ನು ಹಿಡಿದು ಮುಂದಿನ ಪೆಟ್ಟಿಗೆಗೆ ಹೋಗಬೇಕು. ಅಲ್ಲಿಯೂ ಹಾಗೆಯೇ ನೋಡಬೇಕು. ಲೆಕ್ಕ ತೋರಿಸದ ಅಗ್ಗದ ಸ್ವಿಚ್ಚಾದರೆ ತಂತಿಗಳನ್ನು ಒಂದೊಂದಾಗಿ ತೆಗೆದು ದೀಪಗಳು ಶಾಂತವಾಗುವುದನ್ನು ಕಾಯುವುದೇ ಉಪಾಯ. ತೆಗೆದ ತಂತಿಗೆ ಮೊದಲೇ ಗುರುತು ಕಟ್ಟಿರಬೇಕು. ಕೊನೆಗೆ ಸಿಕ್ಕುವುದು ಬಹುಮಟ್ಟಿಗೆ ಅಲ್ಪವಸ್ತುವೇ: ಮೇಜಿನ ಕೆಳಗಿನ ಐದು ಪೋರ್ಟುಗಳ ಪೆಟ್ಟಿಗೆ, ಎರಡು ಕಂಡಿಗಳನ್ನೂ ಗೋಡೆಗೆ ಚುಚ್ಚಿದ ದೂರವಾಣಿ, ಅಥವಾ ನೇತಾಡುತ್ತಿದ್ದ ತುದಿಯನ್ನು ಕಂಡು ಅಚ್ಚುಕಟ್ಟಿಗಾಗಿ ಯಾರೋ ಖಾಲಿ ಕಂಡಿಗೆ ಸಿಕ್ಕಿಸಿದ ತಂತಿ. ಡಂಗುರದ ಲೆಕ್ಕ ಕಡಿಮೆಯಿದ್ದೂ ಜಾಲವು ಬಳಲುತ್ತಿದ್ದರೆ, ಎತ್ತ ಹೋಗಬೇಕೆಂದು ಸ್ವಿಚ್ಚಿಗೆ ತಿಳಿಯದೆ ಎಲ್ಲೆಡೆಗೂ ಹಂಚುವ ಓಲೆಗಳನ್ನು ಅನುಮಾನಿಸಬೇಕು. ಅವುಗಳಿಗೆ ಮಿತಿಯನ್ನು ಪ್ರತ್ಯೇಕವಾಗಿ ಹೇಳಬೇಕಾದ ಸ್ವಿಚ್ಚುಗಳುಂಟು.

ಕುಣಿಕೆಯನ್ನು ಬಿಡಿಸಿದ ಬಳಿಕ ಪೋರ್ಟನ್ನು ತೆರೆದು, ಶಾಲೆಯ ಒಂದು ಪೂರ್ಣ ದಿನದ ಲೆಕ್ಕವನ್ನು, ಮುಖ್ಯವಾಗಿ ಬೆಳಗ್ಗೆ ಯಂತ್ರಗಳೆಲ್ಲವೂ ಎಚ್ಚರಗೊಳ್ಳುವ ಹೊತ್ತಿನದನ್ನು, ಬರೆದಿಟ್ಟುಕೊಳ್ಳಬೇಕು. ಹೊಸ ಮಿತಿಯನ್ನು ಆ ಗರಿಷ್ಠ ಅಂಕಿಯ ಕೆಲವು ಪಾಲು ಮೇಲಕ್ಕೆ ನಿಗದಿಮಾಡಿ, ಯಂತ್ರಗಳ ಸಂಖ್ಯೆ ಹೆಚ್ಚಿದ ವರ್ಷ ಅದನ್ನು ಮತ್ತೊಮ್ಮೆ ಅಳೆಯಬೇಕು.